ವೈದ್ಯಕಾಯಕದಿಂದ ರಾಷ್ಟ್ರಕಾಯಕಕ್ಕೆ
(ಶ್ರೀಮಠದ ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ಎಲ್ಲ ವೃತ್ತಿಗಳವರೂ ಇದ್ದರೆಂಬುದು ಸರ್ವವಿದಿತವಾದ ಸಂಗತಿ. ದೋಣಿ ನಡೆಯಿಸುವವರು, ಹಗ್ಗ ಹೊಸೆಯುವವರು, ಬಟ್ಟೆ ಮಡಿಮಾಡುವವರು, ಚಮ್ಮಾರಿಕೆಯವರು, ಇವರ ಜೊತೆಯಲ್ಲಿಯೇ ವೈದ್ಯ ಸಂಗಣ್ಣನವರೆಂಬ ಶರಣರೂ ಇದ್ದರು. ನಾಡಿ ನೋಡಿ ಮದ್ದು ಕೊಡುವುದು ಅವರ ಕಾಯಕ. ಆ ಕಾಯಕದ ಪರಿಭಾಷೆಯಲ್ಲಿಯೇ ಅವರು ವಚನಗಳನ್ನು ನುಡಿದರು. ದೇಹದ ಬೇನೆಯ ಮಾತಿನಿಂದ ಹೊರಟು ಭವದ ಬೇನೆಯ ಮಾತನ್ನು ಮುಟ್ಟಿದರು. ವೈದ್ಯನು ಒಬ್ಬ ರೋಗಿಯ ಮುಂದೆ ಕುಳಿತಿದ್ದರೂ ಅವನ ದೃಷ್ಟಿಯು ಆ ಒಬ್ಬನಲ್ಲಿಯೇ ನಿಲ್ಲಬೇಕಾಗಿಲ್ಲವೆಂಬುದಕ್ಕೆ ಇದೊಂದು ಹಳೆಯ ನಿದರ್ಶನ.

ಇದಕ್ಕೆ ಹೊಂದುವ ಹೊಸ ನಿದರ್ಶನವೊಂದು ಈ ನಾಡಿನಲ್ಲಿಯೇ ಇದೆ. ವೈದ್ಯವಿದ್ಯೆಯನ್ನು ಕಲಿತು, ಸಮುದ್ರವನ್ನು ದಾಟಿ ಉನ್ನತ ಪದವಿಯನ್ನು ಪಡೆದು, ಅನಂತರ ಆ ವಿದ್ಯೆಯಿಂದ ಬರಬಹುದಾಗಿದ್ದ ಸುಖಸಂಪತ್ತುಗಳನ್ನು ಬದಿಗಿಟ್ಟು, ದೇಶದ ರಾಜಕಾರಣಕ್ಕೆ ಇಳಿದವರು ಡಾಕ್ಟರ ನಾರಾಯಣ ಸುಬ್ಬರಾವ ಹರ್ಡೀಕರರು. ಅವರು ಮಂತ್ರಿಪದವಿಯನ್ನು ಏರಿದವರಲ್ಲ. ವಾಗ್ಮಿಗಳೆಂದು ಹೆಸರಾದವರೂ ಅಲ್ಲ. ಆದರೆ ಭರತಖಂಡದ ಸ್ವಾತಂತ್ರ್ಯಸಮರಕ್ಕೆ ಶಿಸ್ತೆಂಬ ಬೆನ್ನೆಲುಬನ್ನು ಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಶ್ರೀಮಠದ ಜಾತ್ರೆಯಲ್ಲಿ, ದಾಸೋಹದ ಪಂಕ್ತಿಯಲ್ಲಿ ನಿಂತು ದುಡಿಯುವ ತರುಣರು ಅವರ ಚರಿತ್ರೆಯನ್ನು ತಿಳಿಯುವುದು ಅತ್ಯಂತ ಉಚಿತವಾದುದು.

ಹರ್ಡೀಕರರು 1889ನೆಯ ಇಸವಿಯ ಮೇ 7ರಂದು ಧಾರವಾಡದಲ್ಲಿ ಜನಿಸಿದರು. ಆಗ ಧಾರವಾಡವು ಮುಂಬಯಿ ಇಲಾಖೆಗೆ ಸೇರಿತ್ತು. ಶಾಲೆಯ ಭಾಷೆ, ಕಚೇರಿಯ ಭಾಷೆ, ಮನೆಯ ಭಾಷೆ ಇವು ಒಂದಕ್ಕೊಂದು ಹೊಂದದೆ ಕನ್ನಡಿಗರು ತಮ್ಮ ನಾಡಿನಲ್ಲಿಯೇ ಪರಕೀಯರಂತಿದ್ದ ಕಾಲವದು. ಅವರ ಬಾಲ್ಯದಲ್ಲಿಯೇ, 1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗಿನ ಮಾರಿ ಕೆಲವು ವರ್ಷಗಳಲ್ಲಿ ಹುಬ್ಬಳ್ಳಿ ಧಾರವಾಡಗಳ ಸೀಮೆಗೂ ಹಬ್ಬಿತು. ಜನರು ಮನೆಗಳನ್ನು ತೊರೆದು ಊರ ಹೊರಗೆ ಗುಡಿಸಲು ಹಾಕಿಕೊಂಡು ಬಾಳಿದರು. ಆ ದಿನಗಳ ಕಥೆಗಳನ್ನು ಹಿರಿಯರ ಬಾಯಿಂದ ಕೇಳದ ಕುಟುಂಬವು ಈ ಪ್ರಾಂತದಲ್ಲಿ ಅಪರೂಪ.

ತರುಣ ಹರ್ಡೀಕರರು ವೈದ್ಯಶಿಕ್ಷಣಕ್ಕಾಗಿ ಕಲಕತ್ತೆಗೆ ಹೋದರು. 1905ರ ವಂಗಭಂಗದಿಂದ ಎದ್ದ ಸ್ವದೇಶಿ ಚಳವಳಿಯ ಕಾವು ಆ ನಗರದಲ್ಲಿ ಇನ್ನೂ ಆರಿರಲಿಲ್ಲ. ಇತ್ತ ಲೋಕಮಾನ್ಯ ತಿಲಕರ ವಾಣಿಯು ಮಹಾರಾಷ್ಟ್ರ ಕರ್ನಾಟಕಗಳ ತರುಣರನ್ನು ಎಬ್ಬಿಸುತ್ತಲಿತ್ತು. ಹರ್ಡೀಕರರು ತಿಲಕರಿಗೆ ಮನಸೋತವರಾದರು. ಔಷಧಶಾಸ್ತ್ರದ ಪಾಠವೂ ದೇಶಭಕ್ತಿಯ ಪಾಠವೂ ಅವರಿಗೆ ಒಂದೇ ಕಾಲದಲ್ಲಿ ದೊರೆತವು.

ಮುಂದೆ ಅವರು ಅಮೆರಿಕಕ್ಕೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಅವರು ಆರಿಸಿಕೊಂಡ ವಿಷಯವು ಲಕ್ಷ್ಯಕ್ಕೆ ತರಬೇಕಾದುದಾಗಿದೆ. ಶಸ್ತ್ರಚಿಕಿತ್ಸೆಯನ್ನೋ, ಹಣವನ್ನು ತರುವ ಮತ್ತಾವುದಾದರೂ ವಿಶೇಷ ಶಾಖೆಯನ್ನೋ ಆರಿಸದೆ, ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅವರು ಆರಿಸಿಕೊಂಡರು. ಈ ಶಾಸ್ತ್ರದ ತತ್ತ್ವವು ಸರಳವಾದುದು. ಊರಿನ ಬಾವಿಯ ನೀರು ಕೆಟ್ಟು ವಾಂತಿಭೇದಿ ಹಬ್ಬಿತೆಂದು ಇಟ್ಟುಕೊಳ್ಳಿರಿ. ಮನೆಮನೆಗೆ ಹೋಗಿ ಮದ್ದು ಕೊಡುವ ವೈದ್ಯನು ಪುಣ್ಯವಂತನೇ ಸರಿ. ಆದರೆ ಬಾವಿಯು ಶುದ್ಧವಾಗುವ ತನಕ ಅವನ ದುಡಿಮೆಗೆ ಕೊನೆಯಿಲ್ಲ. ಇಂದು ಗುಣವಾದವನು ನಾಳೆ ಅದೇ ನೀರನ್ನು ಕುಡಿದು ಮರಳಿ ಮಲಗುತ್ತಾನೆ. ಬಾವಿಯನ್ನು ಶುದ್ಧಮಾಡುವುದಾದರೋ ಒಬ್ಬ ವೈದ್ಯನಿಂದ ಆಗುವ ಕೆಲಸವಲ್ಲ. ಅದಕ್ಕೆ ಊರವರೆಲ್ಲರ ಒಮ್ಮತ ಬೇಕು, ಕೈಗಳು ಬೇಕು, ಹೇಳಿದ ಹೊತ್ತಿಗೆ ಹೇಳಿದ ಕೆಲಸವನ್ನು ಮಾಡುವ ಶಿಸ್ತು ಬೇಕು, ಕೊನೆಗೆ ಊರಿನ ಆಡಳಿತವು ಊರವರ ಕೈಯಲ್ಲಿಯೇ ಇರಬೇಕು. ಈ ಶಾಸ್ತ್ರವನ್ನು ಕಲಿತವನಿಗೆ ವೈದ್ಯಶಾಲೆಯ ಬಾಗಿಲಿನಿಂದ ರಾಜಕಾರಣದ ಬಾಗಿಲು ಬಹು ದೂರವಾಗಿರುವುದಿಲ್ಲ.

ಆ ಬಾಗಿಲನ್ನು ಅವರಿಗೆ ತೆರೆದವರು ಪಂಜಾಬಕೇಸರಿ ಲಾಲಾ ಲಜಪತರಾಯರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಾಲಾಜಿಯವರು ಅಮೆರಿಕದಲ್ಲಿದ್ದರು. 1917ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮರೂಲ್ ಲೀಗನ್ನು ಸ್ಥಾಪಿಸಿದಾಗ ಹರ್ಡೀಕರರು ಅವರಿಗೆ ಬಲಗೈಯಾಗಿ ನಿಂತರು. 1918ರ ಜನವರಿಯಲ್ಲಿ ಆ ಲೀಗಿನ ವತಿಯಿಂದ ‘ಯಂಗ್ ಇಂಡಿಯಾ’ ಎಂಬ ಮಾಸಪತ್ರಿಕೆಯು ಹೊರಟಿತು. ಚಂದಾದಾರರನ್ನು ಕೂಡಿಸುವುದು, ಪತ್ರಗಳಿಗೆ ಉತ್ತರ ಬರೆಯುವುದು, ಊರಿಂದೂರಿಗೆ ಸಂಚರಿಸಿ ಸಭೆಗಳನ್ನು ನೆರವೇರಿಸುವುದು, ಭಾರತದ ನಿಜಸ್ಥಿತಿಯನ್ನು ಅಮೆರಿಕನರ ಮುಂದಿಡುವುದು, ಇವೇ ಅವರ ದಿನಚರಿಯಾದವು. ಹೆಸರು ನಾಯಕನದಾಗಿ ದುಡಿಮೆ ಸೇವಕನದಾಗಿರುವ ಕಾರ್ಯಗಳಿವು. ದೊಡ್ಡವರ ಹಿಂದೆ ನಿಂತು ಸಣ್ಣ ಕೆಲಸಗಳನ್ನು ಲೋಪವಿಲ್ಲದೆ ಮಾಡುವ ಅಭ್ಯಾಸವು ಅವರಿಗೆ ಅಲ್ಲಿ ದೃಢವಾಯಿತು.

1921ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ತಿಲಕರು 1920ರ ಆಗಸ್ಟ್ 1ರಂದೇ ದಿವಂಗತರಾಗಿದ್ದರು. ಮಹಾತ್ಮಾ ಗಾಂಧಿಯವರ ಅಸಹಕಾರ ಚಳವಳಿಯು ದೇಶವನ್ನೆಲ್ಲ ವ್ಯಾಪಿಸಿತ್ತು. ವಿದೇಶದ ಪದವಿಯನ್ನು ಪಡೆದ ವೈದ್ಯನೊಬ್ಬನು ಆಗ ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಫಲಕವನ್ನು ತೂಗುಹಾಕಿದ್ದರೆ ಧನಕನಕಗಳಿಗೆ ಕೊರತೆಯಾಗುತ್ತಿರಲಿಲ್ಲ. ಹರ್ಡೀಕರರು ಹುಬ್ಬಳ್ಳಿಗೆ ಬಂದರು; ಕಾಂಗ್ರೆಸಿನ ಕಾರ್ಯದಲ್ಲಿ ತೊಡಗಿದರು; ತರುಣರನ್ನು ಕೂಡಿಸಿ ಹುಬ್ಬಳ್ಳಿ ಸೇವಾಮಂಡಲವನ್ನು ಕಟ್ಟಿದರು. ಚಳವಳಿಯಲ್ಲಿ ಉತ್ಸಾಹವು ಹೇರಳವಾಗಿತ್ತು, ಶಿಸ್ತು ಮಾತ್ರ ವಿರಳವಾಗಿತ್ತು. ಸಭೆಗೆ ಸಾವಿರಾರು ಜನರು ಕೂಡುತ್ತಿದ್ದರು. ಆದರೆ ಕೂಡಿದವರನ್ನು ಸಾಲಿನಲ್ಲಿ ಕೂಡ್ರಿಸುವವರು, ನೂಕುನುಗ್ಗಲಿನಲ್ಲಿ ಹೆಂಗಸರು ಮಕ್ಕಳನ್ನು ಕಾಯುವವರು, ಪೋಲೀಸರ ಲಾಠಿ ಬಿದ್ದಾಗ ಓಡದೆಯೂ ತಿರುಗಿ ಹೊಡೆಯದೆಯೂ ನಿಲ್ಲುವವರು ಬಹಳ ಮಂದಿ ಇರಲಿಲ್ಲ. ಉತ್ಸಾಹವು ಹುಲ್ಲಿನ ಬೆಂಕಿಯಂತೆ ಭುಗಿಲೆಂದು ಎದ್ದು ಆರುವುದು. ಅದನ್ನು ಒಲೆಯ ಬೆಂಕಿಯಾಗಿ ಮಾಡಿದಾಗಲೇ ಅಡಿಗೆಯಾಗುವುದು. ಹರ್ಡೀಕರರು ಒಲೆಯನ್ನು ಕಟ್ಟಲು ಹೊರಟರು.

ಆ ಪ್ರಯತ್ನಕ್ಕೆ ಪರೀಕ್ಷೆಯು ಬೇಗನೆ ಒದಗಿತು. 1923ರಲ್ಲಿ ನಾಗಪುರದಲ್ಲಿ ಝಂಡಾ ಸತ್ಯಾಗ್ರಹವು ನಡೆಯಿತು. ರಾಷ್ಟ್ರಧ್ವಜವನ್ನು ಹಿಡಿದು ಸಿವಿಲ್ ಲೈನ್ಸ್ ಪ್ರದೇಶದಲ್ಲಿ ಮೆರವಣಿಗೆ ಹೋಗಬಾರದೆಂದು ಸರಕಾರವು ನಿರ್ಬಂಧಿಸಿತು. ನಿರ್ಬಂಧವನ್ನು ಮೀರಲು ದೇಶದ ಮೂಲೆಮೂಲೆಗಳಿಂದ ಸ್ವಯಂಸೇವಕರು ಹೋದರು. ಜಮನಾಲಾಲ ಬಜಾಜರು ಅದರ ಮುಂದಾಳುಗಳಾಗಿದ್ದು, ಅವರ ಬಂಧನದ ಅನಂತರ ವಲ್ಲಭಭಾಯಿ ಪಟೇಲರು ಅದನ್ನು ನಡೆಯಿಸಿದರು. ಸೆರೆಮನೆಯ ಕಷ್ಟವನ್ನು ತಾಳಲಾರದೆ ಅನೇಕರು ಕ್ಷಮಾಪಣೆಯನ್ನು ಬರೆದುಕೊಟ್ಟು ಹೊರಗೆ ಬಂದರು. ಹರ್ಡೀಕರರ ಹುಬ್ಬಳ್ಳಿಯ ಬಳಗದವರು ಬರೆದುಕೊಡಲಿಲ್ಲ. ಅದೇ ಸೆರೆಮನೆ, ಅದೇ ಅನ್ನ, ಅದೇ ದುಡಿತ. ಅದರಲ್ಲಿ ಕೆಲವರು ಬಾಗಿದರು, ಇವರು ಬಾಗಲಿಲ್ಲ. ಇದರ ಕಾರಣವನ್ನು ಧೈರ್ಯವೆಂಬ ಒಂದೇ ಶಬ್ದದಲ್ಲಿ ಹೇಳಿ ಮುಗಿಸಲಾಗದು. ಕಷ್ಟವು ಬರುವ ಮೊದಲೇ ಕಷ್ಟಕ್ಕೆ ಮೈಯನ್ನೂ ಮನಸ್ಸನ್ನೂ ಒಗ್ಗಿಸಿಕೊಂಡಿದ್ದವರಿಗೆ ಅದು ಬಂದಾಗ ಹೊಸದಾಗಿ ತೋರುವುದಿಲ್ಲ. ನಿತ್ಯವೂ ನಿಯಮವನ್ನು ಪಾಲಿಸುವ ವ್ರತಸ್ಥನಿಗೆ ಉಪವಾಸದ ದಿನವು ಭಾರವಾಗದಿರುವುದು ಇದೇ ಕಾರಣದಿಂದ.

ಈ ವಾರ್ತೆಯು ಕಾಂಗ್ರೆಸಿನ ನಾಯಕರನ್ನು ಮುಟ್ಟಿತು. ಅದೇ ವರ್ಷದ ಡಿಸೆಂಬರದಲ್ಲಿ ಮೌಲಾನಾ ಮಹಮ್ಮದ ಅಲಿಯವರ ಅಧ್ಯಕ್ಷತೆಯಲ್ಲಿ ಕಾಕಿನಾಡದಲ್ಲಿ ಕೂಡಿದ ಅಧಿವೇಶನದ ಕಾಲದಲ್ಲಿ, ಹುಬ್ಬಳ್ಳಿಯ ಮಾದರಿಯ ಸ್ವಯಂಸೇವಕ ದಳವು ಅಖಿಲ ಭಾರತಕ್ಕೂ ಬೇಕೆಂಬ ವಿಚಾರವು ಬಂದಿತು. ಅದಕ್ಕೆ ಹಿಂದುಸ್ಥಾನೀ ಸೇವಾದಳವೆಂಬ ಹೆಸರಾಯಿತು. ತರುಣ ಜವಾಹರಲಾಲ ನೆಹರೂ ಅವರು ಅದರ ಅಧ್ಯಕ್ಷತೆಯನ್ನು ವಹಿಸಿದರು. ಕಾರ್ಯಭಾರವೆಲ್ಲವೂ ಹರ್ಡೀಕರರ ಹೆಗಲಿಗೆ ಬಂದಿತು.

ಆದರೆ ಈ ಕಾರ್ಯಕ್ಕೆ ವಿರೋಧವು ಸರಕಾರದವರಿಗಿಂತ ಮೊದಲು ಸ್ವಪಕ್ಷದವರಿಂದಲೇ ಬಂದಿತು. ನೆಹರೂ ಅವರು ತಮ್ಮ ಆತ್ಮಚರಿತ್ರೆಯಲ್ಲಿ ಇದನ್ನು ಆಶ್ಚರ್ಯದಿಂದ ನೆನೆದಿದ್ದಾರೆ. ಕವಾಯತು ಕಲಿತು ಸಾಲುಗಟ್ಟಿ ನಡೆಯುವ ದಳವನ್ನು ಕಟ್ಟಿದರೆ ಕಾಂಗ್ರೆಸಿನೊಳಗೆ ಸೈನಿಕ ಭಾವವು ಹೊಕ್ಕಂತಾಗಿ, ಕಾಲಕ್ರಮದಲ್ಲಿ ಆ ದಳವೇ ನಾಯಕರನ್ನು ಮೀರಿ ನಿಂತೀತೆಂದು ಕೆಲವರು ಹೆದರಿದರು. ಸ್ವಯಂಸೇವಕನು ಹೇಳಿದ ಮಾತನ್ನು ಕೇಳಿದರೆ ಸಾಕು, ಹೆಜ್ಜೆ ಹಾಕುವುದನ್ನು ಕಲಿಯುವುದೇಕೆಂದು ಬೇರೆ ಕೆಲವರು ಕೇಳಿದರು. ಅಹಿಂಸೆಗೂ ಕವಾಯತಿಗೂ ಹೊಂದಿಕೆಯಾಗದೆಂಬ ಭಾವನೆಯೂ ಹಲವರ ಮನಸ್ಸಿನಲ್ಲಿತ್ತು.

ಈ ಆಕ್ಷೇಪಗಳನ್ನು ಅಲ್ಪವೆಂದು ತಳ್ಳುವಂತಿಲ್ಲ. ಸಮವಸ್ತ್ರವನ್ನು ತೊಟ್ಟು ಆಜ್ಞೆಗೆ ಕಾದು ನಿಂತ ತರುಣಸಮೂಹವನ್ನು ತಪ್ಪು ದಾರಿಗೆ ಎಳೆದ ನಾಯಕರು ಇಪ್ಪತ್ತನೆಯ ಶತಮಾನದಲ್ಲಿ ಯುರೋಪ ಖಂಡದಲ್ಲಿ ಎದ್ದರು. ಅದರ ಘೋರಫಲವನ್ನು ಜಗತ್ತೆಲ್ಲವೂ ಉಂಡಿತು. ಆದಕಾರಣ ಶಿಸ್ತು ತಾನಾಗಿಯೇ ಸದ್ಗುಣವಲ್ಲ. ಅದು ಯಾವುದಕ್ಕಾಗಿ ಎಂಬುದರ ಮೇಲೆ ಅದರ ಬೆಲೆಯು ನಿಲ್ಲುವುದು. ಹರ್ಡೀಕರರು ಈ ಆಕ್ಷೇಪಗಳಿಗೆ ಕೊಟ್ಟ ಉತ್ತರವು ವಾದದ ರೂಪದಲ್ಲಿರುವುದಕ್ಕಿಂತ ಹೆಚ್ಚಾಗಿ ಕೃತಿಯ ರೂಪದಲ್ಲಿದ್ದಿತು. ಶಿಸ್ತಿಲ್ಲದ ಗುಂಪೇ ರೊಚ್ಚಿಗೇಳುವುದು, ಕಲ್ಲೆಸೆಯುವುದು, ಇಲ್ಲವೆ ಚದರಿಹೋಗುವುದು. ತನ್ನ ಮೈಯನ್ನು ಬಿಗಿಹಿಡಿದವನು ಮಾತ್ರ ಹೊಡೆತವನ್ನು ತಾಳಿಯೂ ಕೈಯೆತ್ತದೆ ಇರಬಲ್ಲನು. ಅಂದಮೇಲೆ ಶಿಸ್ತು ಅಹಿಂಸೆಗೆ ವೈರಿಯಾಗದೆ ಅದಕ್ಕೆ ಆಧಾರವೇ ಆಗುವುದು. ವರ್ಷಗಟ್ಟಲೆ ದುಡಿದು ಅವರು ಇದನ್ನು ತೋರಿಸಿಕೊಟ್ಟರೆಂಬುದನ್ನು ನೆಹರೂ ಅವರೂ ಒಪ್ಪಿಕೊಂಡಿದ್ದಾರೆ. ಇಂದ್ರಿಯನಿಗ್ರಹವಿಲ್ಲದವನಿಗೆ ಶಾಂತಿಯು ದೊರೆಯದೆಂದು ಶಾಸ್ತ್ರಗಳು ಒಬ್ಬ ಸಾಧಕನಿಗೆ ಹೇಳಿದ ಮಾತನ್ನು ಅವರು ಒಂದು ಸಮೂಹಕ್ಕೆ ಅನ್ವಯಿಸಿದರೆಂದು ತಿಳಿದರೆ ತಪ್ಪಾಗದು.

1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಕೂಡಿತು. ಮಹಾತ್ಮರು ಅಧ್ಯಕ್ಷತೆಯನ್ನು ವಹಿಸಿದ್ದು ಈ ಒಂದೇ ಅಧಿವೇಶನಕ್ಕೆ. ಕರ್ನಾಟಕಸಿಂಹರೆನಿಸಿದ ಗಂಗಾಧರರಾವ ದೇಶಪಾಂಡೆಯವರು ಸ್ವಾಗತದ ಹೊಣೆಯನ್ನು ಹೊತ್ತಿದ್ದರು. ತಿಲಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಹೆಸರಿನ ಶಿಬಿರವೆದ್ದಿತು; ನೀರಿಗಾಗಿ ಬಾವಿಯೊಂದನ್ನು ತೋಡಿ ಅದಕ್ಕೆ ಪಂಪಾಸರೋವರವೆಂದು ಹೆಸರಿಟ್ಟರು. ಹರಿದು ಹಂಚಿಹೋಗಿದ್ದ ಕನ್ನಡನಾಡಿನ ಜನರು ಒಂದೆಡೆಯಲ್ಲಿ ಕೂಡಿ ತಮ್ಮ ಏಕತೆಯನ್ನು ಕಂಡ ಸಂದರ್ಭವೂ ಅದೇ. ಹುಯಿಲಗೋಳ ನಾರಾಯಣರಾಯರ ನಾಡಗೀತೆಯು ಅಲ್ಲಿ ಮೊಳಗಿತು. ಇಷ್ಟು ದೊಡ್ಡ ಸಮುದಾಯದ ರಕ್ಷಣೆ, ವಸತಿ, ನೈರ್ಮಲ್ಯ, ಶಿಸ್ತು ಇವುಗಳಲ್ಲಿ ಹರ್ಡೀಕರರ ಸ್ವಯಂಸೇವಕರು ದುಡಿದರು. ಆರೋಗ್ಯಶಾಸ್ತ್ರವನ್ನು ಬಲ್ಲ ನಾಯಕನೊಬ್ಬನು ದಳದ ಮುಂದಿರುವುದು ಇಂಥ ಸಮಯದಲ್ಲಿ ಎಷ್ಟು ಉಪಯುಕ್ತವೆಂಬುದನ್ನು ಜಾತ್ರೆಗಳನ್ನು ನಡೆಯಿಸಿದವರು ಬಲ್ಲರು. ಸಾವಿರಾರು ಜನರು ಕೂಡಿದೆಡೆಯಲ್ಲಿ ಕುಡಿಯುವ ನೀರಿಗೂ ಬಹಿರ್ದೆಸೆಯ ಜಾಗಕ್ಕೂ ನಡುವಿನ ಅಂತರವೇ ಜೀವಕ್ಕೂ ಮರಣಕ್ಕೂ ನಡುವಿನ ಅಂತರವಾಗುವುದು.

ಈ ಪ್ರಸಂಗದಲ್ಲಿ ಶ್ರೀಮತಿ ಉಮಾಬಾಯಿ ಕುಂದಾಪುರ ಅವರ ಹೆಸರನ್ನು ಬಿಟ್ಟರೆ ಕಥನವು ಅಪೂರ್ಣವಾಗುವುದು. ಎಳೆಯ ವಯಸ್ಸಿನಲ್ಲಿಯೇ ವೈಧವ್ಯವು ಬಂದರೂ ಅವರು ಮನೆಯ ಮೂಲೆಯನ್ನು ಸೇರಲಿಲ್ಲ. ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯ ಭಾರವನ್ನು ಹೊತ್ತರು. ಸೇವಾದಳದ ಮಹಿಳಾ ವಿಭಾಗದ ಮುಂದಾಳಾದರು. ಬೆಳಗಾವಿಯ ಅಧಿವೇಶನಕ್ಕಾಗಿ ಮನೆಮನೆಗೆ ಹೋಗಿ ಸ್ತ್ರೀಯರನ್ನು, ಅವರಲ್ಲಿ ಅನೇಕ ವಿಧವೆಯರನ್ನು, ಸ್ವಯಂಸೇವಿಕೆಯರಾಗಿ ಕೂಡಿಸಿದರು. ಮಂಗಲಕಾರ್ಯದಲ್ಲಿ ಎದುರು ಬರಬಾರದೆಂದು ಲೋಕವು ದೂರವಿಟ್ಟವರು ರಾಷ್ಟ್ರದ ಮಹಾಮಂಗಲದಲ್ಲಿ ಮುಂದೆ ನಿಂತರು. ಅಕ್ಕನ ನಾಡಿನಲ್ಲಿ, ಸ್ತ್ರೀಗೂ ಲಿಂಗದೀಕ್ಷೆಯ ಅಧಿಕಾರವನ್ನು ಕೊಟ್ಟ ಧರ್ಮದ ನಾಡಿನಲ್ಲಿ, ಇದು ಹಳೆಯ ಬೇರಿನಿಂದ ಹೊರಟ ಹೊಸ ಚಿಗುರೇ ಆಗಿತ್ತು.

ಮುಂದಿನ ವರ್ಷಗಳಲ್ಲಿ ಸೇವಾದಳವು ಪ್ರಾಂತಪ್ರಾಂತಗಳಿಗೆ ಹಬ್ಬಿತು. ತರಬೇತಿಯ ಶಿಬಿರಗಳು ನಡೆದವು. ದಳದ ಪತ್ರಿಕೆಯು ಹೊರಟಿತು. ಪ್ರತಿ ತಿಂಗಳ ಕಡೆಯ ರವಿವಾರ ಧ್ವಜವಂದನೆಯನ್ನು ಮಾಡುವ ಪದ್ಧತಿಯನ್ನು ದಳದವರು ರೂಢಿಗೆ ತಂದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಈ ಶಿಕ್ಷಣದ ಫಲವು ಕಾಣಿಸಿತು. 1931ರಲ್ಲಿ ಕಾಂಗ್ರೆಸಿನ ಕಾರ್ಯಕಾರಿ ಸಮಿತಿಯು ಸೇವಾದಳವನ್ನು ತನ್ನ ಅಧಿಕೃತ ಅಂಗವನ್ನಾಗಿ ಸ್ವೀಕರಿಸಿತು. ಎಂಟು ವರ್ಷಗಳ ಹಿಂದೆ ಅನುಮಾನಿಸಿದ್ದ ಮನೆಯೇ ಈಗ ದಳವನ್ನು ಮಗನೆಂದು ಒಪ್ಪಿಕೊಂಡಿತು. 1932ರಲ್ಲಿ ಸರಕಾರವು ಕಾಂಗ್ರೆಸಿನೊಡನೆ ಸೇವಾದಳವನ್ನೂ ನಿಷೇಧಿಸಿತು. 1934ರಲ್ಲಿ ಕಾಂಗ್ರೆಸಿನ ಮೇಲಿನ ನಿಷೇಧವು ತೆಗೆಯಲ್ಪಟ್ಟರೂ ಸೇವಾದಳದ ಮೇಲಿನದು ಕೂಡಲೇ ತೆಗೆಯಲ್ಪಡಲಿಲ್ಲ. ಭಾಷಣಗಳಿಗಿಂತ ಶಿಸ್ತನ್ನು ಆಳುವವರು ಹೆಚ್ಚು ಅಂಜಿದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಾಗಿಲ್ಲ.

ಇಲ್ಲಿ ಒಂದು ಪ್ರಶ್ನೆಯು ಏಳುವುದು ಸಹಜ. ರೋಗಿಗಳಿಗಾಗಿ ಕಲಿತ ವಿದ್ಯೆಯನ್ನು ಬಿಟ್ಟು ರಾಜಕಾರಣಕ್ಕೆ ಹೋದದ್ದು ಕಾಯಕದ ತ್ಯಾಗವಾಗಲಿಲ್ಲವೆ? ಹಳ್ಳಿಗಳಲ್ಲಿ ವೈದ್ಯರಿಲ್ಲದೆ ಜನರು ಸಾಯುತ್ತಿದ್ದಾಗ ಬಲ್ಲ ವೈದ್ಯನೊಬ್ಬನು ಧ್ವಜವನ್ನು ಹಿಡಿದದ್ದು ಸರಿಯೆ? ಪ್ರಶ್ನೆಯು ತೀಕ್ಷ್ಣವಾದುದು. ಶರಣಧರ್ಮದಲ್ಲಿ ಕಾಯಕವನ್ನು ಬಿಟ್ಟವನಿಗೆ ಪೂಜೆಯೂ ರಕ್ಷೆಯಾಗಲಾರದು. ಇದಕ್ಕೆ ಉತ್ತರವು ಘಟಪ್ರಭೆಯ ದಂಡೆಯ ಮೇಲಿದೆ.

1929ರಲ್ಲಿ, ಎಂದರೆ ಸೇವಾದಳದ ಕಾರ್ಯವು ಭರದಿಂದ ಸಾಗಿದ್ದ ದಿನಗಳಲ್ಲಿಯೇ, ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯ ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವು ಸ್ಥಾಪಿತವಾಯಿತು. ಡಾಕ್ಟರ ಕೊಕಟನೂರರೊಡನೆ ಅದರ ಸಂಸ್ಥಾಪಕರಲ್ಲಿ ಹರ್ಡೀಕರರೂ ಒಬ್ಬರು. ದೊಡ್ಡ ನಗರದ ಸಿರಿವಂತರ ಕೇರಿಯನ್ನು ಆರಿಸದೆ ಹಳ್ಳಿಗಳ ನಡುವಣ ಈ ಸ್ಥಾನವನ್ನು ಆರಿಸಿದ್ದರಲ್ಲಿಯೇ ಸ್ಥಾಪಕರ ಮನಸ್ಸು ತಿಳಿಯುವುದು. ರೈಲಿನ ಅನುಕೂಲವಿತ್ತು, ಹೊಳೆಯ ನೀರಿತ್ತು, ಗಾಳಿ ಬೆಳಕುಗಳಿದ್ದವು; ಸುತ್ತಲೂ ವೈದ್ಯರನ್ನು ಕಾಣದ ರೈತಾಪಿ ಜನವಿತ್ತು. ಆ ಸಂಸ್ಥೆಯು ಬೆಳೆದು, ಸ್ಥಾಪಕರ ಕಾಲದ ಅನಂತರವೂ ಉಳಿದು ಬಂದಿದೆ. ಸೆರೆಮನೆಯಿಂದ ಸೆರೆಮನೆಗೆ, ಶಿಬಿರದಿಂದ ಶಿಬಿರಕ್ಕೆ ಅಲೆದ ದೇಶಸೇವಕನಲ್ಲಿ ಒಳಗಿನ ವೈದ್ಯನು ಸತ್ತಿರಲಿಲ್ಲ.

ಅಂದಮೇಲೆ ಹರ್ಡೀಕರರು ಕಾಯಕವನ್ನು ಬಿಟ್ಟರೆಂಬುದಕ್ಕಿಂತ ಅದರ ಕ್ಷೇತ್ರವನ್ನು ಹಿರಿದುಮಾಡಿದರೆಂಬುದೇ ನ್ಯಾಯವಾದ ಮಾತು. ಹೀಗೆಂದು ಎಲ್ಲ ವೈದ್ಯರೂ ವೈದ್ಯಶಾಲೆಯನ್ನು ಮುಚ್ಚಿ ಸಭೆಗೆ ಹೋಗಬೇಕೆಂದು ಅರ್ಥಮಾಡಲಾಗದು. ಹಾಗೆ ಹೋದರೆ ಊರು ಬದುಕದು. ತನ್ನ ವಿದ್ಯೆಯಿಂದ ಎಷ್ಟು ಜನರ ದುಃಖವು ನೀಗೀತೆಂದು ಪ್ರತಿಯೊಬ್ಬನೂ ಪ್ರಾಮಾಣಿಕನಾಗಿ ಎಣಿಸಿಕೊಳ್ಳಬೇಕೆಂಬುದಷ್ಟೇ ಇಲ್ಲಿಯ ತಾತ್ಪರ್ಯ. ಪದವಿಯ ಆಶೆಯಿಂದ ವೃತ್ತಿಯನ್ನು ಬಿಟ್ಟವನು ಪದವಿಯಿಲ್ಲದಾಗ ಎರಡಕ್ಕೂ ಎರವಾಗುವನು. ಸೇವೆಯ ಆಶೆಯಿಂದ ಬಿಟ್ಟವನಿಗೆ ವೃತ್ತಿಯೂ ಬೇರೊಂದು ರೂಪದಿಂದ ಮರಳಿ ದೊರೆಯುವುದು.

ಸ್ವಾತಂತ್ರ್ಯವು ಬಂದ ಮೇಲೆ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯು ಸಂದಿತು. 1956ರಲ್ಲಿ, ಬೆಳಗಾವಿಯ ಆ ಬಯಲಿನಲ್ಲಿ ಕಂಡಿದ್ದ ಕರ್ನಾಟಕದ ಏಕೀಕರಣದ ಕನಸು ನನಸಾದುದನ್ನು ಕಣ್ಣಾರೆ ನೋಡುವ ಭಾಗ್ಯವೂ ಅವರಿಗಿತ್ತು. 1975ರ ಆಗಸ್ಟ್ 26ರಂದು, ಎಂಬತ್ತಾರು ವರ್ಷಗಳ ತುಂಬುಬಾಳನ್ನು ಮುಗಿಸಿ ಅವರು ಕೀರ್ತಿಶೇಷರಾದರು. ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಭಾರತದ ಅಂಚೆ ಇಲಾಖೆಯು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಒಂದು ಮಾತನ್ನು ಮರೆಮಾಚುವಂತಿಲ್ಲ. ಸ್ವಾತಂತ್ರ್ಯಪೂರ್ವದಲ್ಲಿ ಸೇವಾದಳಕ್ಕಿದ್ದ ತೇಜಸ್ಸು ಅನಂತರ ಹಾಗೆಯೇ ಉಳಿಯಲಿಲ್ಲ. ಅಧಿಕಾರವು ಬಂದ ಮನೆಯಲ್ಲಿ ಸೇವಕರ ಪಂಕ್ತಿಗಿಂತ ಅಧಿಕಾರಿಗಳ ಪಂಕ್ತಿಯೇ ಉದ್ದವಾಗುವುದು ಲೋಕದ ರೀತಿ. ದಳವನ್ನು ಕಟ್ಟಿದವರ ಹೆಸರನ್ನು ಅವರ ಸ್ವಂತ ಪ್ರಾಂತದ ತರುಣರೇ ಅಷ್ಟಾಗಿ ಅರಿಯದಿರುವುದು ಖೇದದ ಸಂಗತಿ. ಅಡಿಪಾಯದ ಕಲ್ಲು ಕಾಣಿಸುವುದಿಲ್ಲ. ಕಳಸವು ಎಲ್ಲರಿಗೂ ಕಾಣಿಸುವುದು. ಆದರೆ ಮಠಗಳನ್ನು ಕಟ್ಟಿದವರು, ಕಟ್ಟಿಸಿದವರು ಅಡಿಪಾಯದ ಬೆಲೆಯನ್ನು ಬಲ್ಲರು.

ಶ್ರೀಮಠದ ತರುಣ ಶಿಷ್ಯರು ಈ ಚರಿತ್ರೆಯಿಂದ ಗ್ರಹಿಸಬೇಕಾದುದು ಯಾವುದು? ದಾಸೋಹವೆಂದರೆ ಅನ್ನವನ್ನು ಬಡಿಸುವುದಷ್ಟೇ ಅಲ್ಲ. ಬಡಿಸುವವನ ಕೈ ಶುಚಿಯಾಗಿರಬೇಕು. ಪಂಕ್ತಿಯ ಕೊನೆಯಲ್ಲಿ ಕುಳಿತ ಬಡವನಿಗೂ ಮೊದಲಲ್ಲಿ ಕುಳಿತವನಿಗೆ ಸಿಕ್ಕಷ್ಟೇ ಸಿಕ್ಕಬೇಕು. ಉಂಡ ಸ್ಥಳವನ್ನು ಬಳಿಯುವವನು ಬಡಿಸಿದವನಿಗಿಂತ ಕಡಿಮೆಯೆಂದು ಯಾರೂ ತಿಳಿಯಬಾರದು. ಜಾತ್ರೆ ಮುಗಿದ ಮರುದಿನ, ನೋಡುವವರಾರೂ ಇಲ್ಲದಾಗಲೂ ಬಯಲು ಸ್ವಚ್ಛವಾಗಬೇಕು. ಇದೇ ಶಿಸ್ತು, ಇದೇ ಸೇವೆ, ಇದೇ ಆರೋಗ್ಯಶಾಸ್ತ್ರ. ವೈದ್ಯನೊಬ್ಬನು ಇಷ್ಟನ್ನು ಹಿಡಿದುಕೊಂಡು ಹುಬ್ಬಳ್ಳಿಯಿಂದ ಹೊರಟು ರಾಷ್ಟ್ರವನ್ನೆಲ್ಲ ಮುಟ್ಟಿದನು. ಶ್ರೀಮಠದ ಅಂಗಳದಿಂದ ಹೊರಡುವ ತರುಣರು ತಂತಮ್ಮ ಗ್ರಾಮದ ಬಾವಿಯ ತನಕವಾದರೂ ಹೋಗಿ ಅದನ್ನು ಶುದ್ಧಮಾಡಿದರೆ ಈ ಮಹೋತ್ಸವವು ಸಾರ್ಥಕವಾದಂತೆ.